ಡಿಶ್ ಬೇರೆ, ಚಿಕ್ಕಮ್ಮನ ಮೈ ಬೇರೆ

ಈಗಷ್ಟೇ ಚಿಕ್ಕಮ್ಮನ ಮನೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಯಾರೋ ಮನೆಬಾಗಿಲಿಗೇ ಬಂದು ಅರಿಶಿನದ ಕ್ಯಾಪ್ಸೂಲ್ ಮಾರಿ ಹೋಗಿದ್ದಾರೆ. "ಒಳ್ಳೇ ಜೀನ್‌ಗಳನ್ನ ಎಬ್ಬಿಸುತ್ತಂತೆ ಕಣೋ, ನೀನೂ ಹಿಂದೆ ಹೇಳಿದ್ಯಲ್ಲ" ಎಂದರು. ಬಿಪಿ ಮಾತ್ರೆ ಬಿಟ್ಟು 15 ದಿನ ಆಗಿದೆ.

ಹೌದು, ಹೇಳಿದ್ದೆ. ಲ್ಯಾಬ್‌ನಲ್ಲಿ ನಾನು ಮಾಡುತ್ತಿದ್ದ ಕೆಲಸ ನಿಮಗೆಲ್ಲ ಗೊತ್ತು. ಡಿಶ್‌ನಲ್ಲಿ, ಅಂದರೆ ಲ್ಯಾಬ್‌ನ ಪುಟ್ಟ ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳಿಗೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನೋ ಅಂಶ ಹಾಕಿ ನೋಡುವುದು. ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಅನ್ನೋ ಪ್ರೋಟೀನ್ ಇದೆ. ಇನ್ನೊಂದು ಪ್ರೋಟೀನ್ ಅದನ್ನು ಕಟ್ಟಿಹಾಕಿರುತ್ತದೆ. ಸೋಂಕೋ ಗಾಯವೋ ಆದಾಗ ಕಟ್ಟು ಬಿಚ್ಚುತ್ತದೆ, ಅದು ನ್ಯೂಕ್ಲಿಯಸ್‌ಗೆ ಹೋಗಿ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕರ್ಕ್ಯುಮಿನ್ ಹಾಕಿದರೆ ಆ ಕಟ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಜೀನ್ ಇದ್ದ ಹಾಗೇ ಇರುತ್ತದೆ, ಕೋಶ ಅದನ್ನು ಓದುವುದು ಕಡಿಮೆಯಾಗುತ್ತದೆ. ಮೊದಲ ಸಲ ಅದನ್ನು ಕಣ್ಣಾರೆ ನೋಡಿದ ರಾತ್ರಿ ಖುಷಿ ತಡೆಯಲಾಗದೆ ಚಿಕ್ಕಮ್ಮನಿಗೇ ಫೋನ್ ಮಾಡಿದ್ದೆ. ಡಿಶ್‌ನಲ್ಲಿ ಅಂತ ಒತ್ತಿ ಹೇಳಲಿಲ್ಲ. ಆ ತಪ್ಪು ನನ್ನದು.

ಡಿಶ್‌ನ ಕೋಶಕ್ಕೆ ಕರುಳಿಲ್ಲ, ಲಿವರ್ ಇಲ್ಲ. ನಾವು ಹಾಕಿದ್ದು ನೇರವಾಗಿ ಅದಕ್ಕೇ ಸಿಗುತ್ತದೆ. ಮೈಯಲ್ಲಿ ಹಾಗಲ್ಲ. ಕರ್ಕ್ಯುಮಿನ್ ನೀರಲ್ಲಿ ಕರಗುವುದಿಲ್ಲ, ಹೀರಿಕೊಂಡ ಸ್ವಲ್ಪವನ್ನೂ ಕರುಳು, ಲಿವರ್ ಬೇಗ ಮಾರ್ಪಡಿಸಿ ಹೊರಗೆ ಹಾಕುತ್ತವೆ. ಇದನ್ನು ತೋರಿಸಿದ ಒಂದು ಅಧ್ಯಯನ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನದೇ, 1998ರಲ್ಲಿ. 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಕರಿಮೆಣಸಿನಲ್ಲಿರುವ ಪೈಪರಿನ್ ಅನ್ನೋ ಅಂಶವನ್ನು 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ಸಿಗುವ ಕರ್ಕ್ಯುಮಿನ್ ಶೇ. 2000ರಷ್ಟು ಏರಿತು. ಮಾರುವವರು ಈ ಒಂದು ಅಂಕಿಯನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಇಲ್ಲವೆನ್ನುವಷ್ಟು ಇದ್ದದ್ದು 20 ಪಟ್ಟು ಹೆಚ್ಚಿದರೂ ಎಷ್ಟಾದೀತು? ಆ ಏರಿಕೆ ಕಂಡದ್ದೂ ನುಂಗಿದ ಮೊದಲ ಒಂದು ಗಂಟೆಯೊಳಗೆ.

ಚಿಕ್ಕಮ್ಮನ ಡಬ್ಬಿಯಲ್ಲೂ ಪೈಪರಿನ್ ಇದೆ. ನನಗೆ ಹೆದರಿಕೆ ಆಗಿದ್ದು ಅದನ್ನು ಓದಿದಾಗ. ಕರುಳು, ಲಿವರ್ ಕರ್ಕ್ಯುಮಿನ್ ಅನ್ನು ಹೊರಗೆ ಹಾಕುವುದನ್ನು ಪೈಪರಿನ್ ತಡೆಯುತ್ತದೆ, ಆದರೆ ಕರ್ಕ್ಯುಮಿನ್ ಒಂದನ್ನೇ ಅಲ್ಲ. ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ರಕ್ತದಲ್ಲಿ ಜಾಸ್ತಿಯಾಗುತ್ತವೆ. ಕರ್ಕ್ಯುಮಿನ್ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿಯಲ್ಲೂ ಅಮೆರಿಕದಲ್ಲೂ ದಾಖಲಾಗಿವೆ. ಇದನ್ನು ಬಾಗಿಲಿಗೆ ಬಂದವರು ಹೇಳಿದರಾ? ಇಲ್ಲ.

"ಅಜ್ಜಿ ಅರಿಶಿನ ಹಾಲು ಕೊಡ್ತಿರಲಿಲ್ವಾ?" ಅಂತ ಕೇಳುತ್ತೀರಿ. ಕೊಡುತ್ತಿದ್ದರು, ನಾನೂ ಕುಡಿದಿದ್ದೇನೆ, ಈಗಲೂ ಕುಡಿಯುತ್ತೇನೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. ಸಾರಿಗೆ ಹಾಕುವ ಚಿಟಿಕೆ ಬಗ್ಗೆ ಯಾರ ತಕರಾರೂ ಇಲ್ಲ. ಅಜ್ಜಿ ಯಾವತ್ತೂ ಜೀನ್ ಎಬ್ಬಿಸುತ್ತೇನೆ ಅಂದವರಲ್ಲ, ಡಾಕ್ಟರ್ ಕೊಟ್ಟ ಮಾತ್ರೆ ಬಿಡು ಅಂದವರೂ ಅಲ್ಲ.

ಚಿಕ್ಕಮ್ಮನಿಗೆ ಇದನ್ನೆಲ್ಲ ಕೂತು ಹೇಳಿದೆ. "ಅವತ್ತು ಫೋನಲ್ಲಿ ಎಷ್ಟು ಸಂತೋಷದಿಂದ ಹೇಳಿದ್ದೆ ನೀನು" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಆ ಡಬ್ಬಿ ನನ್ನ ಬ್ಯಾಗಿನಲ್ಲೇ ಇದೆ.