ಆ ಬೆಕ್ಕು ಬರೆದವರು ಯಾರು?

ಇವತ್ತು ಗ್ಯಾಲರಿಯೊಂದಕ್ಕೆ ಹೋಗಿ ಸುಮ್ನೆ ತಲೆಬಿಸಿ ಮಾಡಿಕೊಂಡು ಬಂದೆ. ಸೀಗಡಿ ಕಚ್ಚಿಕೊಂಡ ಬೆಕ್ಕಿನ ಎರಡು ಚಿತ್ರ, ಅಕ್ಕಪಕ್ಕ. ಒಂದು ಬಂಗಾಳದ ಹೆಸರಾಂತ ಚಿತ್ರಕಾರ ಜಾಮಿನಿ ರಾಯ್ ಅವರದ್ದು. ಕೆಳಗೆ ಹುಟ್ಟಿದ ವರ್ಷ 1887, ಊರು, ಪ್ರಶಸ್ತಿ, ಎಲ್ಲ ಇದೆ. ಇನ್ನೊಂದು ಹಳೆಯ ಕಾಳಿಘಾಟ್ ಪಟ, ಅಂದರೆ ಕಲ್ಕತ್ತದ ಕಾಳಿ ಗುಡಿಯ ಬೀದಿಚಿತ್ರ. ಅದರ ಕೆಳಗೆ 'ಅನಾಮಿಕ'. ಮುಗೀತು. ಕೇಳಿದರೆ ಲೇಬಲ್‌ನಲ್ಲಿ ಜಾಗ ಇರಲಿಲ್ಲವಂತೆ. ಪ್ರಾಯೋಜಕರ ಲೋಗೋಗಳಿಗೆ ಮಾತ್ರ ಬೇಕಾದಷ್ಟು ಜಾಗ ಇತ್ತು!

ರಾಯ್ ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಹಾಲ್‌ನ ಗೋಡೆ ನೋಡಿದವರಿಗೆ ಅದು ಗೊತ್ತು. ಕಲ್ಕತ್ತದ ಸರ್ಕಾರಿ ಕಲಾಶಾಲೆಯಲ್ಲಿ ಯುರೋಪಿನ ಶೈಲಿ ಕಲಿತವರು, 1920ರ ದಶಕದಲ್ಲಿ ಅದನ್ನು ಬದಿಗಿಟ್ಟು ಈ ಪಟ ಬರೆಯುವ ಪಟುವಾಗಳ ಕಡೆ ತಿರುಗಿದರು. ಪಟುವಾಗಳು ಕಾಳಿ ಗುಡಿಯ ಬೀದಿಯಲ್ಲಿ ಯಾತ್ರಿಕರಿಗೆ ಪುಡಿಗಾಸಿಗೆ ಚಿತ್ರ ಮಾರುತ್ತಿದ್ದವರು. ಬೇಗ ಬೇಗ ಬರೆಯಬೇಕಿತ್ತು, ಅದಕ್ಕೇ ಗೆರೆಯಲ್ಲಿ ಆ ಓಟ. ಮನೆಮಂದಿಯೆಲ್ಲ ಕೂತು ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬುತ್ತಿದ್ದರು. ರಾಯ್ ಮನೆಯಲ್ಲೂ ಹೀಗೇ ನಡೆಯಿತು. ಮಕ್ಕಳು ಕೈ ಹಾಕಿದ ಚಿತ್ರಕ್ಕೂ ರಾಯ್ ಅವರದ್ದೇ ಸಹಿ. ಗೆರೆಯಷ್ಟೇ ಅಲ್ಲ, ಕೆಲಸ ಮಾಡೋ ರೀತಿಯೂ ಪಟುವಾಗಳದ್ದೇ. ಆದರೂ ಪಟುವಾಗಳು ಅನಾಮಿಕರು!

"ಜನಪದರು ಸಹಿ ಹಾಕ್ತಿರಲಿಲ್ಲ, ಅದು ಸಮುದಾಯದ ಕಲೆ" ಅಂತ ಯಾರೋ ಬಂದೇ ಬರುತ್ತೀರಿ. ಸರಿ ಸ್ವಾಮಿ. ಹಾಗಾದರೆ ನಿಬಾರಣ್ ಚಂದ್ರ ಘೋಷ್, ಕಾಳಿಚರಣ್ ಘೋಷ್ ಅನ್ನೋ ಪಟುವಾಗಳ ಹೆಸರು ದಾಖಲಾಗಿದ್ದು ಹೇಗೆ? ಯಾರೋ ಕೇಳಿದರು, ಬರೆದಿಟ್ಟರು. 1980ರ ದಶಕದ ಶುರುವಿನಲ್ಲಿ ಚಿತ್ರಕಾರ ಜೆ. ಸ್ವಾಮಿನಾಥನ್ ಕಡೆಯವರು ಮಧ್ಯಪ್ರದೇಶದ ಪಾಟನ್‌ಗಢದಲ್ಲಿ ಗೋಡೆಚಿತ್ರ ನೋಡಿ, ಇದನ್ನು ಬರೆದವರು ಯಾರು ಅಂತ ವಿಚಾರಿಸಿದರು. ಸಿಕ್ಕಿದ್ದು ಗೊಂಡ ಬುಡಕಟ್ಟಿನ ಹುಡುಗ ಜನಗಢ್ ಸಿಂಗ್ ಶ್ಯಾಮ್. 1989ಕ್ಕೆ ಅವರ ಚಿತ್ರ ಪ್ಯಾರಿಸ್‌ನಲ್ಲಿತ್ತು. ಕೇಳೋಕೆ ಏನು ಖರ್ಚು?

ನಾನು ಸಾಗರದ ಕಡೆಯವಳು, ಅದಕ್ಕೇ ಈ ಉರಿ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಮದುವೆ ಮನೆಯ ಗೋಡೆಗೆ ದೀವರ ಸಮುದಾಯದ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಯಾರ ಗೆರೆ ಚೆನ್ನ ಅಂತ ಊರಿಗೆಲ್ಲ ಗೊತ್ತು, ಹೆಸರು ಹಿಡಿದೇ ಕರೆಸುತ್ತಾರೆ. ಬೆಂಗಳೂರಿಗೆ ಬರುವಷ್ಟರಲ್ಲಿ ಆ ಹೆಸರು ಬಸ್ಸಲ್ಲೇ ಕಳೆದುಹೋಗುತ್ತಾ?

ಬೆಂಗಳೂರಿನ ಚಿತ್ರಸಂತೆಗೆ ಹೋಗುವ ಗೆಳೆಯರೇ, ಚಿತ್ತಾರದ ಗೆರೆಯಿರುವ ಕ್ಯಾನ್ವಾಸ್ ಕಂಡರೆ ಬೆಲೆ ಕೇಳೋ ಮೊದಲು ಯಾರಿಂದ ಕಲಿತಿರಿ ಅಂತ ಕೇಳಿ. ನಾನಂತೂ ಕೇಳ್ತೀನಿ. ನಮ್ಮ ಯಜಮಾನರು ನಾಚಿಕೊಂಡು ಆ ಕಡೆ ಹೋಗಿ ನಿಂತರೂ ಸರಿ.