ಬನ್ನಿ, ಕುಳಿತುಕೊಳ್ಳಿ, ಸುಮ್ಮನಿರಿ

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಬಲು ಪಾರದರ್ಶಕ ಸಂಸ್ಥೆ. ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ಅದು ನಡೆಸುವ ಬಹಿರಂಗ ಸಭೆಗೆ ಯಾರು ಬೇಕಾದರೂ ಹೋಗಬಹುದು. ಹೋದವರು ಏನು ಮಾಡಬಹುದೆಂದು ನಿಯಮಾವಳಿಯೇ ಹೇಳುತ್ತದೆ: ನೋಡಬಹುದು, ಕೇಳಿಸಿಕೊಳ್ಳಬಹುದು. ಆಯೋಗವೇ ಕರೆದು ಕೇಳದ ಹೊರತು ಬಾಯಿ ತೆರೆಯುವಂತಿಲ್ಲ.

ಕೇಳಿಸಿಕೊಂಡದ್ದನ್ನಾದರೂ ಗಂಟು ಕಟ್ಟಿಕೊಂಡು ಬರೋಣವೆಂದರೆ ಅದಕ್ಕೂ ಕಲ್ಲು ಬಿದ್ದಿದೆ. ಸಭೆಯಲ್ಲಿ ಆಯುಕ್ತರು ಆಡುವ ಮಾತು ಅವರ ಅಂತಿಮ ತೀರ್ಮಾನವೂ ಅಲ್ಲ, ನಂಬಿಕೆಯೂ ಅಲ್ಲ ಎನ್ನುತ್ತದೆ ಅದೇ ನಿಯಮ. ನಾಳೆ ಅಣು ವಿದ್ಯುತ್ ಸ್ಥಾವರವೊಂದರ ಪರವಾನಗಿ ಪ್ರಶ್ನಿಸಿ ಆಯೋಗದ ಮುಂದೆ ನಿಂತಾಗ ‘ಅಂದು ತಾವೇ ಹೀಗೆ ಅಪ್ಪಣೆ ಕೊಡಿಸಿದ್ದಿರಿ’ ಎನ್ನುವಂತಿಲ್ಲ. ಮಾತು ಕೊಟ್ಟು ತಪ್ಪುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ನನ್ನ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಮೊದಲೇ ಅಚ್ಚು ಹಾಕಿಸುವ ಪ್ರಾಮಾಣಿಕತೆ ನಮ್ಮ ಕಡೆ ಇನ್ನೂ ಬಂದಿಲ್ಲ.

ಗುಟ್ಟು ಇರುವುದು ಇಂಥ ಆಯೋಗಗಳು ಬಹಿರಂಗವಾಗಿ ಸಭೆ ನಡೆಸಬೇಕೆನ್ನುವ 1976ರ ‘ಸನ್‌ಶೈನ್’ ಕಾಯಿದೆಯಲ್ಲಿ. ಐವರು ಆಯುಕ್ತರಲ್ಲಿ ಮೂವರು ಕೂಡಿ ಚರ್ಚಿಸಿದರೆ ಬಾಗಿಲು ತೆರೆದಿರಬೇಕು. ಸರಿ, ಕೂಡಿದರೆ ತಾನೇ? ಇಬ್ಬಿಬ್ಬರು ಮಾತಾಡಿಕೊಂಡರೆ ಕೋರಂ ಆಗದು. ಮತವನ್ನು ಅವರವರ ಕೊಠಡಿಯಲ್ಲೇ ಕಾಗದದ ಮೇಲೆ ಬರೆದು ಕಳಿಸಿದರಾಯಿತು. ಕೆಲವು ವಿಷಯಗಳಿಗೆ ಮಾತ್ರ ಆಮೇಲೆ ‘ದೃಢೀಕರಣ ಸಭೆ’ ನಡೆಯುತ್ತದೆ. ಕಾರ್ಯದರ್ಶಿ ವಿಷಯ ಓದುತ್ತಾರೆ, ಅಧ್ಯಕ್ಷರು ಮತ ದೃಢಪಡಿಸಿ ಎನ್ನುತ್ತಾರೆ, ಎಲ್ಲರೂ ಹೂಂ ಎನ್ನುತ್ತಾರೆ. ನಾಲ್ಕೈದು ನಿಮಿಷದಲ್ಲಿ ಮುಗಿಯಿತು. ಮದುವೆ ಮುಗಿಸಿ ಬಂದು ಹೆಣ್ಣು ನೋಡುವ ಶಾಸ್ತ್ರ ಮಾಡಿದಂತೆ. (ಬರೆದ ಮತಗಳನ್ನು ಆಮೇಲೆ ಪ್ರಕಟಿಸುತ್ತಾರೆ, ಆ ಪುಣ್ಯ ಅವರಿಗಿರಲಿ.)

ಇಷ್ಟೂ ಸಾಲದೆ, ಮೂವರು ಸೇರಿದರೂ ನಿರ್ದಿಷ್ಟ ತೀರ್ಮಾನದತ್ತ ಹೊರಳದ ಮಾತು ಸಭೆಯೇ ಅಲ್ಲ ಎಂಬ ವ್ಯಾಖ್ಯಾನವನ್ನು ಆಯೋಗ 1999ರಲ್ಲಿ ಜಾರಿಗೆ ತಂದಿತು. ಹರಟೆ ಯಾವ ಕ್ಷಣದಲ್ಲಿ ಹೊರಳಿತೆಂದು ನೋಡಲು ಒಳಗೆ ಹೊರಗಿನವರು ಯಾರೂ ಇರುವುದಿಲ್ಲ.

ಸಿಬ್ಬಂದಿ ಮಟ್ಟದ ಸಭೆಗಳು ಇದಕ್ಕಿಂತ ಉದಾರ. ‘ವೀಕ್ಷಣಾ ಸಭೆ’ ಎಂಬ ಬಗೆಯಲ್ಲಿ ನಿಯಂತ್ರಕರೂ ಸ್ಥಾವರದ ಕಂಪನಿಯವರೂ ಎದುರುಬದುರು ಕುಳಿತು ವ್ಯವಹಾರ ಮುಗಿಸುತ್ತಾರೆ. ಮುಗಿದ ಮೇಲೆ, ಸಭೆ ಬರಖಾಸ್ತಾಗುವ ಮುನ್ನ, ಜನ ನಿಯಂತ್ರಕರನ್ನು ಪ್ರಶ್ನಿಸಬಹುದು. ಅಷ್ಟರಲ್ಲಿ ಕಂಪನಿಯವರು ಫೈಲು ಜೋಡಿಸಿಕೊಳ್ಳುತ್ತಿದ್ದರೆ ತಡೆಯುವವರು ಯಾರು? ಹೊರಡುವವರ ಅಭಿಪ್ರಾಯಕ್ಕೆಂದು ನಮೂನೆ 659 ಕೂಡ ಇದೆ. ಅದು ವಿಚಾರಿಸುವುದು ಸಭೆ ಹೇಗಿತ್ತು ಎಂದು. ಸ್ಥಾವರದ ಸುದ್ದಿ ಅದರಲ್ಲಿಲ್ಲ.