ಲಕ್ಷ ಲ್ಯೂಮೆನ್ಸಿನ ಬ್ಯಾಟ್ರಿ

ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತಲ್ಲೇ ಬರುತ್ತಿರುವವರೆಗೂ ನಮ್ಮ ಗುಬ್ಬಿ ಕಡೆ ತೋಟದವರಿಗೆ ಒಳ್ಳೇ ಬ್ಯಾಟ್ರಿ ಬೇಕೇ ಬೇಕು. ಬೋರಿನ ಸ್ಟಾರ್ಟರ್ ಒತ್ತಲು ಅಡಿಕೆ ಮರಗಳ ಸಂದಿಯಲ್ಲೇ ಹೋಗಬೇಕು. ಹಾವಿದ್ದರೂ ಇರಬಹುದು, ಚಿರತೆ ಬಂದರೂ ಬಂತು. ಅದಕ್ಕೇ ಅಣ್ಣ ತುಮಕೂರಿಗೆ ಹೋದವನು ಹೊಸದೊಂದು ತಂದ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ '1,00,000 ಲ್ಯೂಮೆನ್ಸ್'. ಲ್ಯೂಮೆನ್ಸ್ ಅಂದರೆ ಬ್ಯಾಟ್ರಿ ಒಟ್ಟು ಕೊಡುವ ಬೆಳಕಿನ ಅಳತೆ. ಒಳಗಿನ ಶೆಲ್ಲಿನ ಮೇಲೆ 9900 ಎಂಎಎಚ್, ಅಂದರೆ ಅದು ಹಿಡಿಯುವ ಚಾರ್ಜಿನ ಅಳತೆ.

"ನೋಡ್ತಿರು, ತೋಟದಲ್ಲಿ ಹಗಲೇ ಆಗೋಗುತ್ತೆ" ಅಂದ.

ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಹೆಚ್ಚೂ ಕಡಿಮೆ ನೂರು ಲ್ಯೂಮೆನ್ಸ್ ಕೊಡುತ್ತದೆ. ಲಕ್ಷ ಬೇಕಂದರೆ ಸಾವಿರ ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅಂದರೆ ಅಣ್ಣನ ಕೈಯಲ್ಲಿರುವುದು ಒಂದೂಕಾಲು ಎಚ್‌ಪಿಗೂ ಮೇಲೆ! "ಇದನ್ನೇ ಬೋರಿಗೆ ಇಳಿಬಿಡೋಣ, ನೀರೂ ಬರುತ್ತಲ್ವಾ?" ಅಂದೆ. ಅಣ್ಣ ಮುಖ ತಿರುಗಿಸಿದ. ಶೆಲ್ಲಿನದೂ ಅದೇ ಕಥೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಶೆಲ್ಲಿನಲ್ಲಿ ಒಳ್ಳೊಳ್ಳೆಯ ಕಂಪನಿಗಳೇ 3500ರ ಆಸುಪಾಸಿಗೆ ಏದುಸಿರು ಬಿಡುತ್ತವೆ.

ಸರಿ, ಪರೀಕ್ಷೆ ಮಾಡೇ ಬಿಡೋಣ ಅಂತ ಹೊರಟೆ. ಕಣ್ಣನ್ನು ನಂಬುವ ಹಾಗಿಲ್ಲ. ಬೆಳಕು ಅರ್ಧಕ್ಕೆ ಇಳಿದರೂ 'ಸ್ವಲ್ಪ ಮಂಕಾಯ್ತು' ಅಂದು ಸುಮ್ಮನಾಗುತ್ತದೆ. ಅದಕ್ಕೆ ಬ್ಯಾಟ್ರಿಯನ್ನು ಸೂರಿನ ಕಡೆ ಮುಖ ಮಾಡಿ ನಿಲ್ಲಿಸಿ, ಪಕ್ಕದಲ್ಲಿ ಫೋನಿಟ್ಟು, ಕೆಳಗೆ ವಾಪಸ್ ಬರುವ ಬೆಳಕು ಎಷ್ಟು ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಅಂತ ಅದರಲ್ಲಿ ನೋಡುತ್ತಿರಬೇಕು. ಲ್ಯೂಮೆನ್ಸ್ ಸಿಗದಿದ್ದರೂ ಇಳಿಯುವ ಲೆಕ್ಕ ಸಿಗುತ್ತದೆ. ಕತ್ತಲೆ ಬೇಕು, ಬಿಳೀ ಸೂರೂ ಬೇಕು. ಬಚ್ಚಲುಮನೆ ಹಂಡೆಯ ಹೊಗೆಗೆ ಕಪ್ಪಾಗಿದೆ. ಹೊಸದಾಗಿ ಸುಣ್ಣ ಕಂಡಿದ್ದು ದೇವರಮನೆ ಒಂದೇ. ಗಣಪತಿ ಪಕ್ಕ ಬ್ಯಾಟ್ರಿ ನಿಲ್ಲಿಸಿ ಬಾಗಿಲು ಹಾಕಿಕೊಂಡೆ.

ಲಕ್ಸ್ ನಿಧಾನಕ್ಕೆ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಏರಿತು! ತಲೆ ಎತ್ತಿದರೆ ಅಮ್ಮ ದೀಪ ಹಚ್ಚುತ್ತಿದ್ದಾಳೆ. "ಮುಸ್ಸಂಜೆ ಹೊತ್ತಲ್ಲಿ ಬಾಗ್ಲು ಹಾಕ್ಕೊಂಡು ದೇವರಿಗೆ ಬ್ಯಾಟ್ರಿ ಬಿಡ್ತಿದ್ದೀಯೇನೋ?" ಕರ್ಪೂರಕ್ಕೆ ಫೋನಿನ ಅಂಕಿ ಇನ್ನೂ ಹಾರಿತು. ಹೊರಗೆ ಹೋಗುವಾಗ ಬ್ಯಾಟ್ರಿಯನ್ನೂ ಆಫ್ ಮಾಡಿದಳು. "ಸುಮ್ನೆ ಶೆಲ್ಲು ಖರ್ಚಾಗುತ್ತೆ."

ಖರ್ಚಾಗಲಿ ಅಂತಲೇ ಇಟ್ಟಿದ್ದೆ ಅನ್ನುವುದನ್ನು ಅಮ್ಮನಿಗೆ ಹೇಗೆ ಹೇಳೋದು?

'ಇಷ್ಟು ಗಂಟೆ ಉರಿಯುತ್ತೆ' ಅಂತ ಡಬ್ಬದ ಮೇಲೆ ಬರೆಯುವುದಕ್ಕೂ ಒಂದು ಅಳತೆ ಇದೆ. ಎಫ್‌ಎಲ್‌1 ಅನ್ನುವ ಅಮೆರಿಕದ ಮಾನದಂಡ. ಬೆಳಕು ಶುರುವಿನ ಹತ್ತನೇ ಒಂದು ಪಾಲಿಗೆ ಇಳಿಯುವ ತನಕ ಬ್ಯಾಟ್ರಿ ಉರಿಯುತ್ತಿದೆ ಅಂತಲೇ ಲೆಕ್ಕ. ದೂರದ ಲೆಕ್ಕ ಇನ್ನೂ ಚೆಂದ. ಬೆಳಕು 0.25 ಲಕ್ಸಿಗೆ, ಅಂದರೆ ಹೆಚ್ಚೂ ಕಡಿಮೆ ಬೆಳದಿಂಗಳಷ್ಟಕ್ಕೆ ಇಳಿಯುವ ಜಾಗದವರೆಗೂ ಅಳೆಯುತ್ತಾರೆ. ಹುಣ್ಣಿಮೆ ದಿನ ಬ್ಯಾಟ್ರಿ ಯಾರು ಹಿಡೀತಾರೆ ಹೇಳಿ! ನಮ್ಮ ಡಬ್ಬದ ಮೇಲೆ ಎಫ್‌ಎಲ್‌1 ಹೆಸರೇ ಇರಲಿಲ್ಲ ಬಿಡಿ.

ಇದನ್ನೆಲ್ಲ ಊಟದ ಹೊತ್ತಿಗೆ ಅಣ್ಣನಿಗೆ ವಿವರಿಸಿದೆ. ಅವನು ಮುದ್ದೆ ಮುರಿಯುತ್ತಲೇ ಕೇಳಿಸಿಕೊಂಡ.

"ಸಾವಿರ ಬಂದ್ರೂ ಸ್ಟಾರ್ಟರ್ ಕಾಣುತ್ತೆ ತಾನೇ? ಮಿಕ್ಕ ತೊಂಬತ್ತೊಂಬತ್ತು ಸಾವಿರ ಅಂಗಡಿಯವನೇ ಇಟ್ಕೊಳ್ಳಲಿ ಬಿಡು."